ಹಾರ್ಡ್‌ಡಿಸ್ಕ್ ಹೋಗೈತಿ ಅಂದಿದ್ರು, ಕೆಟ್ಟಿದ್ದು ವೈರು: ವಿಜಯಪುರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ರಿವ್ಯೂ

ಮೊದ್ಲ ಸ್ಟಾರ್ ಹೇಳಿಬಿಡ್ತೀನಿ, ಐದಕ್ಕ ನಾಕು. ಯಾವ ಅಂಗಡಿ ಅಂದ್ರ ಹೆಸರು ಹೇಳಾಕ ಅಲ್ಲೆ ಬೋರ್ಡೇ ಇಲ್ರಿ. ಗಾಂಧಿ ಚೌಕದಿಂದ ನಡಕೊಂಡು ಹೋಗೋವಷ್ಟು ದೂರದಾಗ ಒಂದು ಗಲ್ಲಿ, ಕೆಳಗ ಅರಿಬಿ ಅಂಗಡಿ, ಬಾಜೂಕ ಒಬ್ಬರಷ್ಟೇ ಹತ್ತೂವಂಥ ಮೆಟ್ಟಲ, ಮ್ಯಾಲ ಒಂದು ಖೋಲಿ, ಖೋಲಿ ತುಂಬ ಬಿಚ್ಚಿಟ್ಟ ಸಿಪಿಯು ಡಬ್ಬಿಗಳು. ಗೊತ್ತಿದ್ದವ್ರು ಹೇಳಿದ್ರಷ್ಟೇ ಸಿಗೂವಂಥ ಜಾಗ. ಬೋರ್ಡ್ ಯಾಕ ಹಾಕ್ಸಿಲ್ಲ ಅಂತ ಕೇಳಿದ್ರ "ಈಗ ಬರೋ ಮಂದೀನ ಸಂಭಾಳಿಸಾಕ ಆಗವಲ್ದು, ಬೋರ್ಡ್ ಹಾಕಿ ಏನ್ ಮಾಡ್ಲಿ" ಅಂತಾರ. ಒಬ್ರು ಯಜಮಾನ್ರು, ಒಬ್ಬ ಹುಡುಗ, ಇಷ್ಟೇ.

ನಾನು ಮನ್ಯಾಗ ಕುಂತು ಟೈಪಿಂಗ್ ಕೆಲಸ ಮಾಡ್ತೀನಿ. ಕಾಲೇಜ್ ಹುಡುಗರ ಪ್ರಾಜೆಕ್ಟ್, ಲಗ್ನಪತ್ರಿಕೆ ಮ್ಯಾಟರ್, ಪಿಎಚ್‌ಡಿ ಮಾಡೋರ ಥೀಸಿಸ್, ಯಾರರ ಅರ್ಜಿ ಬರೆಸ್ಕೊಂಡು ಬಂದ್ರ ಅದೂ. ಕಂಪ್ಯೂಟರ್ ಹಳೇದು, ಅಸೆಂಬಲ್ ಮಾಡಿಸಿದ್ದು. ಹೋದ ವರ್ಷ ಭಾಳ ಸ್ಲೋ ಆಗೈತಿ ಅಂತ ಒಂದು 240 ಜಿಬಿ ಎಸ್ಎಸ್‌ಡಿ (ತಿರುಗೋ ತಟ್ಟಿ ಇರಲಾರದ, ಜೋರ್ ಓಡೋ ಡಿಸ್ಕ್) ಹಾಕಿಸಿ ಅದರಾಗ ವಿಂಡೋಸ್ ಇಡಿಸಿದ್ದೆ, ಮೊದ್ಲಿನ 1 ಟಿಬಿ ಹಾರ್ಡ್‌ಡಿಸ್ಕ್ ಹಂಗೇ ಡಿ ಡ್ರೈವ್ ಆಗಿ ಉಳೀತು, ಕೆಲಸದ ಫೈಲ್ ಎಲ್ಲಾ ಅದರಾಗೇ. ಎಸ್ಎಸ್‌ಡಿ ಹಾಕಿದ ಮ್ಯಾಲ ಅಗದೀ ಜೋರ್ ಓಡಾಕ ಹತ್ತಿತ್ತು, ಖರೇನ ಹೇಳ್ತೀನಿ, ಬಟನ್ ಒತ್ತಿ ಕುಂದ್ರೂದ್ರಾಗ ಚಾಲೂ.

ಅಲ್ಲಿಂದ ಸ್ವಲ್ಪ ದಿವಸಕ್ಕ ಶುರುವಾಯ್ತು ನೋಡ್ರಿ. ಡಿ ಡ್ರೈವ್ ಒಮ್ಮೆ ಇರ್ತೈತಿ, ಒಮ್ಮೆ ಇರಂಗಿಲ್ಲ. ಫೈಲ್ ಸೇವ್ ಮಾಡಾಕ ಹೋದ್ರ ಮೌಸ್ ಓಡಾಡ್ತೈತಿ ಆದ್ರ ಏನೂ ತೆರೆಯಂಗಿಲ್ಲ, ಅರ್ಧ ನಿಮಿಷ ಸುಮ್ಕ ಕುಂತ ಮ್ಯಾಲ ಒತ್ತಿದ್ದೆಲ್ಲ ಒಮ್ಮೆಲೇ ತೆರೀತೈತಿ. ಪೆನ್‌ಡ್ರೈವ್‌ಗೆ ಕಾಪಿ ಹಚ್ಚಿದ್ರ ನಡುವ ನಿಂತುಬಿಡ್ತೈತಿ. ಇದರ ಜೋಡಿ ಇನ್ನೊಂದು, ಮುಂಜಾನೆ ಚಾಲೂ ಮಾಡಿದ್ರ ತಾರೀಖು 2012ಕ್ಕ ಹೋಗಿರ್ತಿತ್ತು, ಬ್ರೌಸರ್‌ದಾಗ ಯಾವ ಸೈಟ್ ತೆಗೆದ್ರೂ ಸುರಕ್ಷಿತ ಅಲ್ಲ ಅಂತ ಕೆಂಪಂದು ತೋರಿಸ್ತಿತ್ತು. ತಾರೀಖು ಸರಿ ಮಾಡ್ಕೊಂಡು ಹಂಗೇ ನಡಿಸಿದ್ವಿ. ಆಮ್ಯಾಲ ಒಂದು ದಿನ ರಾತ್ರಿ ಪೂರ್ತಿ ಕರೆಂಟ್ ಹೋಗಿ, ಮುಂಜಾನೆ ಚಾಲೂ ಮಾಡಿದ್ರ ನೀಲಿ ಸ್ಕ್ರೀನ್, ಇನ್ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ. ರಿಸ್ಟಾರ್ಟ್ ಆಗೋದು, ಮತ್ತ ನೀಲಿ, ರಿಸ್ಟಾರ್ಟ್, ಮತ್ತ ನೀಲಿ.

ಎಸ್ಎಸ್‌ಡಿ ಹಾಕಿಕೊಟ್ಟ ಅಂಗಡಿಗೇ ಮೊದ್ಲ ಒಯ್ದಿದ್ದೆ. ಅವರ ಹೆಸರು ಬ್ಯಾಡ. ಕೌಂಟರ್ ಮ್ಯಾಲಿನ ಹುಡುಗ ಡಬ್ಬಿ ಒಳಗ ಒಯ್ದ, ಸ್ವಲ್ಪ ಹೊತ್ತಿಗೆ ಹೊರಗ ಬಂದು ಹಾರ್ಡ್‌ಡಿಸ್ಕ್ ಹೋಗೈತಿ ಅಂದ. ಅದೂ ನನ್ನ ಮಾರಿ ನೋಡಿ ಅಲ್ಲ, ಡಬ್ಬಿ ಎತ್ತಾಕಂತ ಬಂದಿದ್ದ ನನ್ನ ತಮ್ಮನ ಮಾರಿ ನೋಡಿ! ಕಂಪ್ಯೂಟರ್ ನಂದು, ಕೆಲಸ ನಂದು, ರೊಕ್ಕ ಕೊಡೋದು ನಾನು. ತಮ್ಮ ಪಾಪ ಹೂಂ ಹೂಂ ಅಂದ. ಹೊಸ ಹಾರ್ಡ್‌ಡಿಸ್ಕ್ ಬ್ಯಾರೆ, ಡೇಟಾ ತೆಗೆಯೋದಕ್ಕ ಹನ್ನೆರಡು ಸಾವಿರ ಬ್ಯಾರೆ, ಅದೂ ಬಂದ್ರ ಬರ್ತೈತಿ ಇಲ್ಲಂದ್ರ ಇಲ್ಲ. ಏನ್ ನೋಡಿ ಹೇಳಿದ್ರಿ ಅಂತ ಕೇಳ್ದೆ. "ಮೇಡಂ, ಚೆಕ್ ಮಾಡೀವಿ" ಅಂದ, ಮುಗೀತು. ಎತ್ತಿಸ್ಕೊಂಡು ಮನಿಗೆ ಬಂದ್ವಿ.

ಈ ಗಲ್ಲಿ ಅಂಗಡಿ ಹೇಳಿದ್ದು ನನ್ನ ಕಡೆ ಥೀಸಿಸ್ ಟೈಪ್ ಮಾಡಿಸಿದ ಒಬ್ರು ಲೆಕ್ಚರರ್. ಸಿಟ್ಟಿನ ಮನಶ್ಯಾ ಆದ್ರ ಮುಂದ ಕುಂದ್ರಿಸಿ ತೋರ್ಸಿ ರಿಪೇರಿ ಮಾಡ್ತಾರ ಅಂದಿದ್ರು. ಎರಡೂ ಖರೇ.

ಹೋದ ಕೂಡ್ಲೇ ಕೇಳಿದ್ದು "ಏನಾಗೈತಿ" ಅಂತ ಅಲ್ಲ. "ಇದು ಶುರುವಾಗೋಕಿನ ಮೊದ್ಲ ಡಬ್ಬಿ ಯಾವಾಗ ಬಿಚ್ಚಿದ್ರಿ, ಏನ್ ಹಾಕಿಸಿದ್ರಿ" ಅಂತ. ಎಸ್ಎಸ್‌ಡಿ ಅಂದೆ. "ಹ್ಞಾಂ" ಅಂದು ಸ್ಟೂಲ್ ಎಳದು ಕೊಟ್ರು. ಆಮ್ಯಾಲ ಡಬ್ಬಿ ಬಿಚ್ಚಿ, ಕೈ ಹಚ್ಚಲಾರದ ಮೊಬೈಲ್ ಟಾರ್ಚ್ ಹಾಕಿ ಒಳಗ ಸುಮ್ಕ ನೋಡಿದ್ರು. ಧೂಳು ಎಷ್ಟಿತ್ತಂದ್ರ ನನಗೇ ನಾಚಿಕಿ ಬಂತು, ಆದ್ರ ನಮ್ಮ ಊರಾಗ ಬ್ಯಾಸಿಗ್ಯಾಗ ಕಿಡಕಿ ತೆರೆದು ಯಾರ ಮನಿ ಸ್ವಚ್ಛ ಇರ್ತೈತಿ ಹೇಳ್ರಿ.

"ಅಕ್ಕಾರ, ಇಲ್ಲೆ ನೋಡ್ರಿ" ಅಂತ ತೋರ್ಸಿದ್ರು. ಹಾರ್ಡ್‌ಡಿಸ್ಕಿಗೆ ಎರಡು ವೈರ್ ಬರ್ತಾವು, ಒಂದು ಸಣ್ಣದು ಡೇಟಾದ್ದು, ಅದರಾಗ 7 ಪಿನ್, ಇನ್ನೊಂದು ಅಗಲಂದು ಕರೆಂಟಿಂದು, 15 ಪಿನ್. ಎರಡಕ್ಕೂ ಬಾಯಿ ಎಲ್ ಆಕಾರ, ಉಲ್ಟಾ ಹಾಕಾಕ ಬರಬಾರ್ದು ಅಂತ. ನಮ್ಮದ್ರಾಗ ಡೇಟಾ ವೈರ್ ಹಳೇ ಕೆಂಪನ್ನದು, ಲಾಕ್ ಕ್ಲಿಪ್ ಇರಲಾರದ್ದು, ಅದನ್ನ ಡಬ್ಬಿ ಬಾಗಲಾ ಹಾಕುವಾಗ ಒತ್ತಿ ಒತ್ತಿ ತುದಿ ಹತ್ರ ಮಡಚಿ ಕುಂತಿತ್ತು. ಬೆರಳು ಹಚ್ಚಿದ್ರ ಕನೆಕ್ಟರ್ ಒಂದು ಕಡೆ ವಾಲ್ತಿತ್ತು. ಈ ನಮೂನಿ ಜೋಡಣಿಗೆ ಸ್ಯಾಟಾ ಅಂತಾರ, ಅದು ಬಂದ ಹೊಸದ್ರಾಗ, 2003ರ ಸುಮಾರಿಗೆ, ಎಲ್ಲಾ ವೈರ್ ಹಿಂಗ ಕ್ಲಿಪ್ ಇಲ್ಲದವೇ ಇದ್ವು, ಕ್ಲಿಪ್ ಆಮ್ಯಾಲ ಬಂತು, ಹಳೇ ಸ್ಟಾಕ್ ಇನ್ನೂ ಅಂಗಡ್ಯಾಗ ಓಡಾಡ್ತಾವು ಅಂದ್ರು.

ಆಮ್ಯಾಲ ನಮ್ಮ ಎಸ್ಎಸ್‌ಡಿ ಮತ್ತ ಹಾರ್ಡ್‌ಡಿಸ್ಕ್ ಎರಡೂ ತೆಗೆದು ಅವರ ಟೇಬಲ್ ಮ್ಯಾಲಿನ ಕಂಪ್ಯೂಟರಿಗೆ ಹಚ್ಚಿದ್ರು. ಮಜಾ ಅಂದ್ರ ನಮ್ಮ ವೈರ್ ಸಮೇತ ಹಚ್ಚಿದ್ರು, ಯಾಕಂದ್ರ ಕೆಟ್ಟ ಸಾಮಾನ ಕೆಟ್ಟಂಗೇ ನೋಡ್ಬೇಕಂತ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಐತಲ್ರಿ, ಅದು ತೆಗೆದ್ರು. ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರಕೊಂಡಿರ್ತೈತಿ, ಅದನ್ನ ಇದು ಓದಿ ತೋರಿಸ್ತೈತಿ ಅಷ್ಟೇ. ಮೊದ್ಲು 05 ಅನ್ನೋ ಸಾಲು, ಡಿಸ್ಕ್ ಒಳಗ ಕೆಟ್ಟು ಬದಲಿ ಮಾಡಿದ ಸೆಕ್ಟರ್ (ಡೇಟಾ ಇಡೋ ಸಣ್ಣ ಖಾನೆ) ಎಷ್ಟು ಅಂತ, ಸೊನ್ನೆ. ಸಿ5, ಓದಾಕ ಬರಲಾರದ ಬಾಕಿ ಉಳದ ಸೆಕ್ಟರ್, ಸೊನ್ನೆ. ಸಿ6, ಅದೂ ಸೊನ್ನೆ. "ಡಿಸ್ಕ್ ಹೋಗೈತಿ ಅಂದ್ರ ಭಾಳ ಮಾಡಿ ಈ ಮೂರರಾಗ ಒಂದರ ಅಳತಿರ್ತೈತಿ, ನಿಮ್ದು ಎಲ್ಲಿ ಅಳಾಕ ಹತ್ತೈತಿ" ಅಂತ ಅವರೇ ಕೇಳಿ, ಕೆಳಗಿನ ಸಿ7ಕ್ಕ ಬೆರಳು ಹಚ್ಚಿದ್ರು. ಅಲ್ಲೆ ಎ39 ಅಂತ ಇತ್ತು. ಇದೇನ್ ನಂಬರ್ರೀ ಅಂದೆ. ಈ ಸಾಫ್ಟ್‌ವೇರ್ ಹೆಕ್ಸಾದಾಗ, ಅಂದ್ರ ಹದಿನಾರರ ಲೆಕ್ಕದಾಗ, ತೋರಿಸ್ತೈತಿ ಅಂತ ಫಂಕ್ಷನ್ ಮೆನು ಒಳಗ ಅಡ್ವಾನ್ಸ್ಡ್ ಫೀಚರ್, ಅದರಾಗ ರಾ ವ್ಯಾಲ್ಯೂಸ್, ಅದನ್ನ ಡೆಸಿಮಲ್, ಅಂದ್ರ ನಮ್ಮ ಮಾಮೂಲಿ ಹತ್ತರ ಲೆಕ್ಕ, ಮಾಡಿದ್ರು, ಆವಾಗ 2617 ಅಂತ ಬಂತು.

ಈ ಸಿ7 ಏನಂದ್ರ, ಡಿಸ್ಕಿಗೂ ಬೋರ್ಡಿಗೂ ನಡುವ ಡೇಟಾ ಹೋಗುವಾಗ ಪ್ರತಿ ಗಂಟಿನ ಜೋಡಿ ಒಂದು ತಾಳೆ ನೋಡೋ ನಂಬರ್ ಹೋಗ್ತೈತಿ, ಆ ಕಡೆ ಮುಟ್ಟಿದ ಮ್ಯಾಲ ತಾಳೆ ಬರ್ಲಿಲ್ಲಂದ್ರ ಮತ್ತ ಕಳಿಸು ಅಂತೈತಿ, ಹಂಗ ತಪ್ಪಿದ್ದಕ್ಕೊಮ್ಮೆ ಈ ಲೆಕ್ಕ ಒಂದು ಏರ್ತೈತಿ. ಅಂದ್ರ ತಪ್ಪು ಡಿಸ್ಕಿನ ತಟ್ಟ್ಯಾಗಲ್ಲ, ದಾರ್ಯಾಗ. ದಾರಿ ಅಂದ್ರ ವೈರು. ಭಾಳ ಸಲ ತಪ್ಪಿದ್ರ ವಿಂಡೋಸ್ ಬ್ಯಾಸತ್ತು ಆ ಪೋರ್ಟನ್ನೇ ರಿಸೆಟ್ ಹೊಡೀತೈತಿ, ಅದೇ ನಮ್ಮ ಅರ್ಧ ನಿಮಿಷದ ಧ್ಯಾನ. ವಿಂಡೋಸ್ ತನ್ನ ತಪ್ಪು ಬರದಿಡೋ ಇವೆಂಟ್ ವೀವರ್ ತೆಗೆದು ಅಲ್ಲೆ ಈ ರಿಸೆಟ್ಟಿನ 129 ನಂಬರಿನ ಎಚ್ಚರಿಕೆ ಸಾಲಾಗಿ ಬಂದಿದ್ದು ಸೈತ ತೋರ್ಸಿದ್ರು. ನಮ್ಮ ಎಸ್ಎಸ್‌ಡಿ ಒಳಗಿನ ವಿಂಡೋಸೇ ಅವರ ಮಷೀನದಾಗ ಚಾಲೂ ಆಗಿತ್ತು, ಅದನ್ನ ನೋಡಿ ನನಗ ಅರ್ಧ ಜೀವ ಬಂತು.

ಆದ್ರ ಡ್ರೈವ್ ಪೂರ್ತಿ ಮಾಯ ಆಗೋದು ಯಾಕ ಅಂತ ಕೇಳ್ದೆ. ಅದಕ್ಕ ಅವರು ಉತ್ತರಾ ಹೇಳ್ಲಿಲ್ಲ, ಕರೆಂಟಿನ ವೈರ್ ಕೈಯಾಗ ಹಿಡಕೊಂಡ್ರು. ಎಸ್ಎಸ್‌ಡಿ ಹಾಕಿದವ್ರು ನಮ್ಮ ಎಸ್ಎಂಪಿಎಸ್‌ದಾಗ (ಡಬ್ಬಿಯೊಳಗ ಎಲ್ಲಾದಕ್ಕೂ ಕರೆಂಟ್ ಕೊಡೋ ಪೆಟ್ಟಿಗಿ) ಸ್ಯಾಟಾ ಪಿನ್ ಒಂದೇ ಇತ್ತು ಅಂತ, ಹಳೇ ನಾಕು ಪಿನ್ನಿನ ಮೊಲೆಕ್ಸ್‌ನಿಂದ ಎರಡು ಸ್ಯಾಟಾ ಮಾಡೋ ಒಂದು ಜೋಡಣಿ ವೈರ್ ಹಾಕಿದ್ರು, ಅದರ ಮ್ಯಾಲೇ ಎರಡೂ ನಡಸಿದ್ರು. ಮೊಲೆಕ್ಸ್‌ದಾಗ ಹಳದಿ ಅಂದ್ರ 12 ವೋಲ್ಟ್, ಕೆಂಪು ಅಂದ್ರ 5 ವೋಲ್ಟ್, ನಡುವಿನ ಎರಡು ಕರೀವು ಅರ್ತಿಂಗ್. ನಮ್ಮ ಹಳದಿ ವೈರಿನ ಪಿನ್ ಹಿಂದ ಸರದು ಕುಂತಿತ್ತು. ಅದನ್ನ ಬೆರಳಿಂದ ಚೂರು ಅಲುಗಾಡ್ಸಿದ್ರು. ಡಿಸ್ಕ್ ತಿರುಗೋ ಸಪ್ಪಳ ಸುಂಯ್ ಅಂತ ಇಳೀತು, ಒಂದು ಟಕ್, ಮತ್ತ ಏರ್ತು. ಸ್ಕ್ರೀನ್ ಮ್ಯಾಲ ರಿಫ್ರೆಶ್ ಹೊಡೆದ್ರು, 0ಸಿ ಅನ್ನೋ ಸಾಲಿನಾಗ ಪವರ್ ಆನ್ ಲೆಕ್ಕ ಒಂದು ಹೆಚ್ಚಾಗಿತ್ತು, ಕಂಪ್ಯೂಟರ್ ಬಂದ್ ಆಗಿರ್ಲೇ ಇಲ್ಲ! ಎಸ್ಎಸ್‌ಡಿಗೆ ಏನೂ ಆಗಿರ್ಲಿಲ್ಲ, ಯಾಕಂದ್ರ ಅಂಥ ಸಣ್ಣ ಎಸ್ಎಸ್‌ಡಿ 5 ವೋಲ್ಟಿನ ಮ್ಯಾಲೇ ನಡೀತೈತಿ, ದೊಡ್ಡ ಹಾರ್ಡ್‌ಡಿಸ್ಕಿನ ಮೋಟಾರಿಗೆ 12 ವೋಲ್ಟ್ ಬೇಕು. ಅದಕ್ಕೇ ಸಿ ಡ್ರೈವ್ ಆರಾಮ, ಡಿ ಡ್ರೈವ್ ಸಾಯೋದು. ನನಗಂತೂ ಇದು ನೋಡಿ ಮೈ ಜುಮ್ ಅಂತು, ಏನಂತ ತಿಳಕೊಂಡಿದ್ವಿ ಏನಿತ್ತು. ಮನ್ಯಾಗ ಹಿಂಗ ಚಾಲೂ ಇದ್ದಾಗ ವೈರ್ ಅಲುಗಾಡ್ಸೋ ಆಟ ಆಡಬ್ಯಾಡ್ರಿ ಅಂತ ಹಿಂದೇ ಬೈದ್ರು, ಅವರ ಟೇಬಲ್ ಮ್ಯಾಲಾದ್ರ ನಡೀತೈತಂತ.

ಆ ಜೋಡಣಿ ವೈರ್ ಬಗ್ಗೆ ಇನ್ನೊಂದು ಹೇಳಿದ್ರು, ಇದನ್ನ ಎಲ್ಲಾರೂ ಕೇಳ್ರಿ. ಅಂಥವ್ರಾಗ ಎರಡು ನಮೂನಿ. ಒಂದು, ವೈರ್ ಸುತ್ತ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಂಗ ಒಂದೇ ಗಟ್ಟಿ ಮಾಡಿರ್ತಾರ, ಒಳಗ ವೈರ್ ಹ್ಯಾಂಗ ಕುಂತೈತಿ ಅಂತ ಕಾಣಂಗಿಲ್ಲ, ಒಂದಕ್ಕೊಂದು ತಾಗಿ ಸುಟ್ಟು ಹೋಗೋ ಚಾನ್ಸ್ ಇರ್ತೈತಿ. ಇನ್ನೊಂದು, ಹಿಂದ ಸಣ್ಣ ಮುಚ್ಚಳಾ ಇದ್ದು ಒಂದೊಂದು ವೈರ್ ಬ್ಯಾರೆ ಬ್ಯಾರೆ ಒತ್ತಿ ಕುಂದ್ರಿಸಿದ್ದು, ಅದು ಬೇಶಿ. ನಮ್ಮದು ಮೊದಲನೇದು, ಮೂಲ್ಯಾಗ ಚಾ ಬಣ್ಣಕ್ಕ ತಿರುಗಿತ್ತು. ತಗದು ಕಸದ ಡಬ್ಬಿಗೆ ಒಗದ್ರು. ಹಾರ್ಡ್‌ಡಿಸ್ಕಿಗೆ ಎಸ್ಎಂಪಿಎಸ್‌ನಿಂದ ಬಂದ ಸ್ವಂತ ಸ್ಯಾಟಾ ಪಿನ್ ನೇರ ಕೊಟ್ಟು, ಎಸ್ಎಸ್‌ಡಿಗೆ ಒತ್ತಿದ ನಮೂನಿ ವೈರ್ ಹಾಕಿದ್ರು. ಡೇಟಾ ವೈರ್ ಹೊಸದು, ಕ್ಲಿಪ್ ಇದ್ದದ್ದು, ಒಂದು ತುದಿ ತೊಂಬತ್ತು ಡಿಗ್ರಿ ಬಾಗಿದ್ದು, ಇನ್ನ ಡಬ್ಬಿ ಬಾಗಲಾ ಹಾಕಿದ್ರೂ ಮಡಚಂಗಿಲ್ಲ.

ಇನ್ನ ನೀಲಿ ಸ್ಕ್ರೀನ್ ಕಥಿ. ಅದಕ್ಕೂ ಹಾರ್ಡ್‌ಡಿಸ್ಕಿಗೂ ಸಂಬಂಧಾನೇ ಇಲ್ಲ! ಮದರ್‌ಬೋರ್ಡ್ ಮ್ಯಾಲ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರ್ತೈತಿ, ಸಿಆರ್ 2032 ಅಂತ, ಕೈಗಡಿಯಾರದ ಅಂಗಡ್ಯಾಗ ಸೈತ ಸಿಗ್ತೈತಿ. ಅದು 3 ವೋಲ್ಟಿಂದು, ಕರೆಂಟ್ ಇಲ್ಲದಾಗ ತಾರೀಖು ಮತ್ತ ಬಯಾಸ್ (ವಿಂಡೋಸಿಗಿಂತ ಮೊದ್ಲ ಏಳೋ ಬೋರ್ಡಿನ ಸಾಫ್ಟ್‌ವೇರ್) ಸೆಟ್ಟಿಂಗ್ ನೆನಪಿಡೋದು ಅದರ ಕೆಲಸ. ನಮ್ಮದು ಸತ್ತಿತ್ತು. ಮೀಟರ್ ಹಿಡಿದ್ರು, ಎರಡು ವೋಲ್ಟೂ ತೋರಿಸ್ಲಿಲ್ಲ. ಮಂದಿ ಭಾಳ ಮಾಡಿ ಕಂಪ್ಯೂಟರ್ ಬಂದ್ ಮಾಡಿ ಗ್ವಾಡಿ ಸ್ವಿಚ್ ಬಂದ್ ಮಾಡಂಗಿಲ್ಲ, ಅದಕ್ಕ ಸೆಲ್ ಸತ್ತಿದ್ದು ಎಷ್ಟೋ ದಿವಸ ಗೊತ್ತಾಗಂಗಿಲ್ಲ. ಕರೆಂಟ್ ಪೂರ್ತಿ ಹೋದ ದಿನ ಬಯಾಸ್ ಎಲ್ಲಾ ಮರ್ತು ಕಂಪನಿ ಹಾಕಿ ಕಳಿಸಿದ ಸೆಟ್ಟಿಂಗಿಗೆ ವಾಪಸ್ ಹೋಗ್ತೈತಿ. ನಮ್ಮ ಬೋರ್ಡಿನ ಕಂಪನಿ ಸೆಟ್ಟಿಂಗ್ ಏನಂದ್ರ ಸ್ಯಾಟಾ ಮೋಡ್ (ಡಿಸ್ಕ್ ಜೋಡಿ ಬೋರ್ಡ್ ಮಾತಾಡೋ ರೀತಿ) ಐಡಿಇ, ಅಂದ್ರ ಹಳೇ ರೀತಿ. ವಿಂಡೋಸ್ ಹಾಕಿದಾಗ ಹೊಸ ರೀತಿ ಎಎಚ್‌ಸಿಐ ಇಟ್ಟು ಹಾಕಿದ್ರು. ಆ ಎರಡಕ್ಕೂ ಡ್ರೈವರ್ ಸಾಫ್ಟ್‌ವೇರ್ ಬ್ಯಾರೆ, ವಿಂಡೋಸ್ ಎದ್ದು ತನ್ನ ಡಿಸ್ಕ್ ತಾನೇ ಹುಡುಕಿ ಸಿಗಲಾರದ ನೀಲಿ ಬೀಳ್ತೈತಿ.

ಹೊಸ ಸೆಲ್ ಹಾಕಿ, ಬಯಾಸ್ ಒಳಗ ಹೋಗಿ ತಾರೀಖು, ಆಮ್ಯಾಲ ಸ್ಯಾಟಾ ಮೋಡ್ ಎಎಚ್‌ಸಿಐ, ಬೂಟ್ ಆರ್ಡರ್ ಒಳಗ ಎಸ್ಎಸ್‌ಡಿ ಮೊದ್ಲ, ಸೇವ್. ಚಾಲೂ ಆಯ್ತು. ಹೊಸದಾಗಿ ವಿಂಡೋಸ್ ಹಾಕೋದು ಬೇಕಾಗ್ಲೇ ಇಲ್ಲ. ಬ್ಯಾರೆ ಅಂಗಡ್ಯಾಗಾಗಿದ್ರ ಫಾರ್ಮ್ಯಾಟ್ ಹೊಡದು ವಿಂಡೋಸ್ ಬಡದು ಐನೂರು ತಗೋತಿದ್ರು, ನಡಿಯೋದೂ ನಡೀತಿತ್ತು, ಆದ್ರ ಡೆಸ್ಕ್‌ಟಾಪ್ ಮ್ಯಾಲ ಇಟ್ಟಿದ್ದೆಲ್ಲ ಹೋಗಿ, ಟೈಪಿಂಗ್ ಸಾಫ್ಟ್‌ವೇರ್, ಪ್ರಿಂಟರ್, ಫಾಂಟ್ ಮತ್ತ ಎಲ್ಲಾ ಮೊದ್ಲಿಂದ. ಸೆಲ್ಲಿಗೆ ನಲವತ್ತು ರೂಪಾಯಿ ತಗೊಂಡ್ರು.

ಅವರು ಮಾಡಿದ್ರಾಗ ನನಗ ಅಗದೀ ಮನಸಿಗೆ ಬಂದಿದ್ದು ಒಂದು. ಡಬ್ಬಿ ಮುಚ್ಚೋ ಮೊದ್ಲ ಒಂದು ತುಂಡು ಬಿಳಿ ಟೇಪ್ ಹರದು ಅದರ ಮ್ಯಾಲ ಪೆನ್ನಿಂದ "ಸಿ7 2617" ಅಂತ ಬರದು ಡಬ್ಬಿಗೆ ಹಚ್ಚಿದ್ರು. ಈ ಲೆಕ್ಕ ಒಮ್ಮೆ ಏರಿದ್ದು ಇಳಿಯಂಗಿಲ್ಲ, ವೈರ್ ಬದಲಿ ಮಾಡಿದ್ರೂ ಹಂಗೇ ಇರ್ತೈತಿ, ಅದನ್ನ ನೋಡಿ ಅಂಜಬ್ಯಾಡ್ರಿ. ಒಂದು ವಾರ ಕೆಲಸ ಮಾಡಿ ಮತ್ತ ನೋಡ್ರಿ, ಅಷ್ಟೇ ಇದ್ರ ವೈರೇ ಕಾರಣ, ಏರಿದ್ರ ಬೋರ್ಡಿನ ಪೋರ್ಟ್ ನೋಡ್ಬೇಕು, ಆವಾಗ ತರ್ರಿ, ರೊಕ್ಕ ತಗೊಳ್ಳಂಗಿಲ್ಲ ಅಂದ್ರು. ನಾನು ವಾರ ಬಿಟ್ಟು ನೋಡ್ದೆ, ಆಮ್ಯಾಲೂ ನೋಡೀನಿ, 2617 ಅಲ್ಲೇ ನಿಂತೈತಿ. ರಿಪೇರಿ ಆಗೈತೋ ಇಲ್ಲೋ ಅನ್ನೋದನ್ನ ಗಿರಾಕಿ ಮನ್ಯಾಗ ಕುಂತು ತಾನೇ ತಾಳೆ ನೋಡ್ಕೊಳ್ಳೂವಂಗ ಮಾಡಿಕೊಡೋ ಅಂಗಡಿ ನಾ ನೋಡಿದ್ದು ಇದೊಂದೇ.

ಹೋದ ನೆವಕ್ಕ ಅಪ್ಪಾರ ಕಾಲದ ಒಂದು 80 ಜಿಬಿ ಡಿಸ್ಕ್ ಚೀಲದಾಗ ಹಾಕ್ಕೊಂಡು ಹೋಗಿದ್ದೆ. ಅಪ್ಪಾರು ಮಾಸ್ತರ್ ಇದ್ರು, ರಿಟೈರ್ ಆದ ಮ್ಯಾಲ ಕುಂತು ನಮ್ಮ ಮನೆತನದ ವಂಶಾವಳಿ ಎಲ್ಲಾ ಅದರಾಗ ಟೈಪ್ ಮಾಡಿ ಇಟ್ಟಿದ್ರು, ಯಾವ ಊರಿಂದ ಯಾರ್ ಬಂದ್ರು, ಯಾವ ಹೊಲ ಯಾರ ಪಾಲಿಗೆ ಹೋತು ಅನ್ನೋ ತನಕ. ಇದು ಸ್ಯಾಟಾ ಅಲ್ಲ, ಅಗಲ ಪಟ್ಟಿ ವೈರಿನ ಐಡಿಇ, 40 ಪಿನ್. ಮನ್ಯಾಗ ತಮ್ಮ ಆನ್‌ಲೈನ್‌ದಾಗ ತರಿಸಿದ ಯುಎಸ್‌ಬಿ ಅಡಾಪ್ಟರಿಗೆ ಹಚ್ಚಿ ನೋಡಿದ್ದ, ಡಿಸ್ಕ್ ತಿರುಗ್ತಿತ್ತು ಆದ್ರ ಕಂಪ್ಯೂಟರ್‌ದಾಗ ಏನೂ ಬರ್ತಿರ್ಲಿಲ್ಲ. ಯಜಮಾನ್ರು ಡಿಸ್ಕ್ ತಿರುವಿ ಹಿಂದಿನ ಪಿನ್ ನೋಡಿ ನಕ್ಕರು. ಪಟ್ಟಿ ವೈರಿನ ಸಾಕೀಟಿಗೂ ಕರೆಂಟ್ ಸಾಕೀಟಿಗೂ ನಡುವ ಸಣ್ಣ ಸಣ್ಣ ಪಿನ್ ಇರ್ತಾವಲ್ರಿ, ಅದರ ಮ್ಯಾಲ ಅಕ್ಕಿಕಾಳಿನಷ್ಟು ಒಂದು ಪ್ಲಾಸ್ಟಿಕ್ ಟೊಪಗಿ, ಅದೇ ಜಂಪರ್. ಆಗಿನ ಕಾಲಕ್ಕ ಒಂದು ಪಟ್ಟಿ ವೈರಿಗೆ ಎರಡು ಡಿಸ್ಕ್ ಹಚ್ತಿದ್ರು, ಯಾವುದು ಮಾಸ್ಟರ್ ಯಾವುದು ಸ್ಲೇವ್ ಅಂತ ಈ ಜಂಪರ್ ಹೇಳಬೇಕು, ಇಲ್ಲಂದ್ರ ಕೇಬಲ್ ಸೆಲೆಕ್ಟ್ ಇಟ್ಟು ವೈರಿಗೇ ಬಿಡಬೇಕು. ನಮ್ಮದು ಸ್ಲೇವ್‌ದಾಗ ಇತ್ತು. ಯುಎಸ್‌ಬಿ ಅಡಾಪ್ಟರ್ ಬಹುತೇಕ ಮಾಸ್ಟರ್ ಇದ್ರಷ್ಟೇ ಗುರ್ತು ಹಿಡೀತಾವು. ಚಿಮಟಿಗೆಯಿಂದ ತೆಗೆದು ಸ್ಟಿಕರ್ ಮ್ಯಾಲಿನ ಚಿತ್ರ ನೋಡಿ ಮಾಸ್ಟರ್ ಕಡೆ ಹಾಕಿದ್ರು. ಕೆಲವೊಂದು ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ದಾಗ ಮಾಸ್ಟರ್ ಬ್ಯಾರೆ, ಒಂದೇ ಡಿಸ್ಕ್ ಇದ್ದಾಗಿನ ಸಿಂಗಲ್ ಬ್ಯಾರೆ, ಅಲ್ಲೆ ಜಂಪರ್ ತೆಗೆದೇ ಬಿಡಬೇಕಂತ, ಸ್ಟಿಕರ್ ಓದಲಾರದ ಕೈ ಹಚ್ಚಬಾರ್ದು ಅಂದ್ರು.

ಹಚ್ಚಿದ್ರು, ಬಂತು. ಆದ್ರ ಫೋಲ್ಡರ್ ತೆಗೆದ್ರ ಕನ್ನಡ ಎಲ್ಲಾ ಇಂಗ್ಲಿಷ್ ಅಕ್ಷರ, ಚುಕ್ಕಿ, ಕಂಸಾ ಆಗಿ ಕಾಣಾಕ ಹತ್ತಿತ್ತು, ಅಂಗಡಿ ಹುಡುಗ "ಸರ, ಡೇಟಾ ಕರಪ್ಟ್ ಆಗೈತ್ರಿ" ಅಂದ. ಇಲ್ಲಿ ಮಾತ್ರ ನಾ ಅವರಿಗೆ ಹೇಳಿಕೊಟ್ಟೆ, ಕರಪ್ಟ್ ಅಲ್ಲೋ ಮಾರಾಯಾ, ಅದು ಯೂನಿಕೋಡ್ (ಈಗ ಎಲ್ಲಾ ಕಡೆ ನಡಿಯೋ ಅಕ್ಷರದ ಪದ್ಧತಿ) ಬರೋ ಮೊದಲಿನ ನುಡಿ ಸಾಫ್ಟ್‌ವೇರಿಂದು, ಅದರ ಫಾಂಟ್ ಹಾಕು ಅಂತ. ಫಾಂಟ್ ಹಾಕಿದ ಕೂಡ್ಲೇ ಅಪ್ಪಾರ ವಂಶಾವಳಿ ಸಾಲು ಸಾಲು ಎದ್ದು ನಿಂತು. ಯಜಮಾನ್ರು ಈ ಸಲ ಬೈಲಿಲ್ಲ.

ನಾ ಕುಂತಿದ್ದಾಗ ಬಂದ ಬ್ಯಾರೆ ಗಿರಾಕಿಗಳ ಕೇಸೂ ಕಿವಿಗೆ ಬಿದ್ವು. ಒಬ್ರು ಫೋಟೋ ಸ್ಟುಡಿಯೋದವ್ರು, 4 ಟಿಬಿ ಡಿಸ್ಕ್ ತಗೊಂಡಾರ, 2 ಟಿಬಿನೇ ಬಳಸಾಕ ಬರ್ತೈತಿ ಅಂತ ಡೂಪ್ಲಿಕೇಟ್ ಕೊಟ್ಟಾರ ಅಂತ ಜಗಳಕ್ಕ ರೆಡಿ ಆಗಿದ್ರು. ಡಿಸ್ಕಿನ ಪಾಲು ಬರದಿಡೋ ಪಟ್ಟಿ ಹಳೇ ಎಂಬಿಆರ್ ನಮೂನಿ ಮಾಡಿ ಇಟ್ಟಿದ್ರ 2 ಟಿಬಿ ಮ್ಯಾಲ ಹೋಗಂಗಿಲ್ಲ, ಹೊಸ ಜಿಪಿಟಿ ನಮೂನಿ ಮಾಡ್ಬೇಕು, ಡಿಸ್ಕ್ ಮ್ಯಾನೇಜ್‌ಮೆಂಟ್‌ದಾಗ ಮಾಡೋದಾದ್ರ ಡಿಸ್ಕ್ ಖಾಲಿ ಇರ್ಬೇಕು, ಫೋಟೋ ಬ್ಯಾರೆ ಕಡೆ ಇಟ್ಟು ಬರ್ರಿ ಅಂದು ಕಳಿಸಿದ್ರು. ಇನ್ನೊಬ್ಬ ಹುಡುಗ ಹೊಸ ಪಿಸಿಗೆ ಎಂ.2 ಎಸ್ಎಸ್‌ಡಿ (ವೈರ್ ಇಲ್ಲದ ಬೋರ್ಡಿಗೇ ನೇರ ಕುಂದ್ರೋದು) ಹಾಕಿದ ಮ್ಯಾಲ ಡಿ ಡ್ರೈವ್ ಕಾಣವಲ್ದು ಅಂತ ಬಂದಿದ್ದ. ಕೆಲವು ಬೋರ್ಡ್‌ದಾಗ ಎಂ.2 ತುಂಬಿದ್ರ ಒಂದೋ ಎರಡೋ ಸ್ಯಾಟಾ ಪೋರ್ಟ್ ಬಂದ್ ಆಗ್ತಾವು, ಮ್ಯಾನ್ಯುಯಲ್‌ದಾಗ ಬರದಿರ್ತೈತಿ, ವೈರ್ ಬ್ಯಾರೆ ಪೋರ್ಟಿಗೆ ಹಾಕಿದ್ರ ಮುಗೀತು. ನಿಂತ ಕಾಲ ಮ್ಯಾಲೇ ಹೇಳಿ ಕಳಿಸಿದ್ರು, ಐದು ಪೈಸೆ ತಗೋಲಿಲ್ಲ.

ಮತ್ತೊಬ್ಬಾಕಿ ಕಾಲೇಜ್ ಹುಡುಗಿ, ಎಕ್ಸ್‌ಟರ್ನಲ್ ಡಿಸ್ಕ್ ಕೈಯಿಂದ ಬಿದ್ದೈತಿ, ಹಚ್ಚಿದ್ರ ಟಿಕ್ ಟಿಕ್ ಅಂತೈತಿ. ಕಿವಿ ಹಚ್ಚಿ ಕೇಳಿ ತಕ್ಷಣ ಕಿತ್ತುಬಿಟ್ರು. ಇದು ವೈರಿನ ರೋಗ ಅಲ್ಲವ್ವಾ, ಒಳಗ ತಟ್ಟಿ ಓದೋ ಹೆಡ್ ಹೋಗೈತಿ, ಹಚ್ಚಿ ಹಚ್ಚಿ ನೋಡಿದಷ್ಟೂ ತಟ್ಟಿ ಗೀಚ್ತೈತಿ, ಮುಚ್ಚಳಾ ಇಲ್ಲೆ ಯಾರ ಕಡೆಯೂ ಬಿಚ್ಚಿಸಬ್ಯಾಡ, ಧೂಳು ಇರಲಾರದ ಖೋಲಿ ಬೇಕು ಅದಕ್ಕ, ಫೋಟೋ ಖರೇನ ಬೇಕಂದ್ರ ಅಂಥಾ ಲ್ಯಾಬ್ ಇರೋ ದೊಡ್ಡ ಊರಿಗೆ ಕಳಿಸು, ಖರ್ಚು ಭಾಳ ಬರ್ತೈತಿ ವಿಚಾರ ಮಾಡು ಅಂದ್ರು. ಹುಡುಗಿ ಕಣ್ಣಾಗ ನೀರು. ನನ್ನ ಪ್ರಕಾರ ನಾಕನೇ ಸ್ಟಾರ್ ಇದಕ್ಕೇ, ಆಗಂಗಿಲ್ಲ ಅನ್ನೋದನ್ನ ಆಗಂಗಿಲ್ಲ ಅಂದ್ರು.

ಈಗ ಕಟ್ ಆದ ಸ್ಟಾರ್ ಬಗ್ಗೆ. ಫೋನ್ ಎತ್ತಂಗಿಲ್ಲ. ಎತ್ತಂಗಿಲ್ಲ ಅಂದ್ರ ಎತ್ತಂಗೇ ಇಲ್ಲ. ಮಧ್ಯಾಹ್ನ ಊಟಕ್ಕ ಹೋದ್ರ ಯಾವಾಗ ಬರ್ತಾರ ಅಂತ ಕೆಳಗಿನ ಅರಿಬಿ ಅಂಗಡಿಯವರಿಗೂ ಗೊತ್ತಿರಂಗಿಲ್ಲ, ನಾ ಮೆಟ್ಟಲ ಮ್ಯಾಲ ಕುಂತು ಕಾದೀನಿ. ಬಿಲ್ ಕೇಳಿದ್ರ ಮಾರಿ ಸಣ್ಣ ಮಾಡ್ತಾರ, ಕಡೀಕ ಹಾಳಿ ಮ್ಯಾಲ ಬರದು ಕೊಟ್ರು, ವೈರಿಗೆ ಗ್ಯಾರಂಟಿ ಅಂತ ಏನೂ ಇಲ್ಲ. ಡೇಟಾ ವೈರ್ ನೂರು, ಕರೆಂಟ್ ಜೋಡಣಿ ನೂರಿಪ್ಪತ್ತು, ಸೆಲ್ ನಲವತ್ತು, ಕೂಲಿ ಮುನ್ನೂರೈವತ್ತು, ಅಪ್ಪಾರ ಡಿಸ್ಕಿಂದು ಕಾಪಿ ಮಾಡಿಕೊಟ್ಟಿದ್ದಕ್ಕ ಬ್ಯಾರೆ ಇನ್ನೂರು. ವೈರ್ ಆನ್‌ಲೈನ್‌ದಾಗ ಇನ್ನೂ ಸೋವಿ ಸಿಗ್ತಾವು, ಹೌದು, ಆದ್ರ ಯಾವ ವೈರ್ ಬೇಕು ಅಂತ ಆನ್‌ಲೈನ್ ಹೇಳಂಗಿಲ್ಲ. ಮತ್ತ ಎಸ್ಎಂಪಿಎಸ್ ಬದಲಿ ಮಾಡ್ರಿ, ಡಬ್ಬಿ ಜೋಡಿ ಬಂದ ಲೋಕಲ್ ಮಾಲ್ ಐತಿ ಅಂತ ಎರಡು ಸಾವಿರ ಚಿಲ್ರೆ ಹೇಳ್ಯಾರ. ಅವರು ಹೇಳೋದು ಖರೇ ಇರಬಹುದು, ಆದ್ರ ದಸರಾ ಆಗ್ಲಿ ನೋಡೂಣು ಅಂದೀನಿ.

ಡಿಸ್ಕಿನ ಟೆಂಪರೇಚರ್ 51 ತೋರಿಸ್ತಿತ್ತು, ಅದಕ್ಕೂ ಬೈದ್ರು. ಸಾಮಾನ್ಯವಾಗಿ ಮನಿ ಡಿಸ್ಕಿಗೆ ಕಂಪನಿ 60ರ ತನಕ ಅಂತ ಬರದಿರ್ತೈತಿ, ನಮ್ಮೂರ ಬ್ಯಾಸಿಗಿ ಹೊರಗೇ 40 ದಾಟ್ತೈತಿ, ಡಬ್ಬಿ ಗ್ವಾಡಿಗೆ ಒತ್ತಿ ಇಟ್ರ ಇನ್ನೇನಾಗ್ತೈತಿ ಅಂತ. ಮನಿಗೆ ಬಂದು ಗ್ವಾಡಿ ಬಿಟ್ಟು ಒಂದು ಗೇಣು ಮುಂದ ಎಳದಿಟ್ಟೀನಿ, ಈಗ 45ರ ಆಸುಪಾಸು ಇರ್ತೈತಿ.

ಹೋಗೋರಿಗೆ ಇಷ್ಟು ಹೇಳ್ತೀನಿ. ಮಾನಿಟರ್, ಕೀಬೋರ್ಡ್ ಹೊರಬ್ಯಾಡ್ರಿ, ಡಬ್ಬಿ ಒಂದೇ ಸಾಕು. ಮನ್ಯಾಗ ಡಿಸ್ಕ್ ಹಚ್ಚಿದಾಗ ಫಾರ್ಮ್ಯಾಟ್ ಮಾಡ್ಲ್ಯಾ, ಇನಿಶಿಯಲೈಸ್ ಮಾಡ್ಲ್ಯಾ ಅಂತ ವಿಂಡೋಸ್ ಕೇಳಿದ್ರ ಕ್ಯಾನ್ಸಲ್ ಒತ್ತಿ ಹಂಗೇ ತಗೊಂಡು ಹೋಗ್ರಿ, ಅದಕ್ಕ ಹೂಂ ಅಂದು ಬಂದವರಿಗೆ ಅವರು ಬೈಯೋದು ಕೇಳಾಕ ಆಗಂಗಿಲ್ಲ. ಮುಂಜಾನೆ ಹನ್ನೊಂದರ ಒಳಗ ಹೋದ್ರ ಯಜಮಾನ್ರ ಮೂಡ್ ಚಲೋ ಇರ್ತೈತಿ. ಗಲ್ಲ್ಯಾಗ ಗಾಡಿ ಹಚ್ಚಾಕ ಜಾಗಾ ಇಲ್ಲ, ಅರಿಬಿ ಅಂಗಡಿ ಮುಂದ ಹಚ್ಚಿದ್ರ ಅವರ ಕಡೆಯೂ ಬೈಸ್ಕೋಬೇಕಾಗ್ತೈತಿ, ಆಟೋದಾಗ ಹೋಗಿ ಚೌಕಿನಾಗ ಇಳ್ರಿ.